ಮೀನಿಗೆ ತಾಲೀಮು ಕೊಟ್ಟ ವಸ್ತಾದರು

ವಸ್ತಾದರು ತೀರಿಕೊಂಡ ಮೇಲೆ ಗದಗಿನ ಗರಡಿಮನೆಯಲ್ಲಿ ಒಂದು ಸಭೆ ಮಾಡಿದರು. ಹಳೆಯ ಪೈಲವಾನರೆಲ್ಲ ಬಂದಿದ್ದರು. ಲಕ್ಷ್ಮೇಶ್ವರದ ಕಣದಲ್ಲಿ ಅವರು ಯಾರನ್ನು ಚಿತ್ ಮಾಡಿದರು, ಶಿರಹಟ್ಟಿಯಲ್ಲಿ ಯಾರ ಜೊತೆ ಸಮಬಲ ಆಯಿತು, ಮುಂಡರಗಿಯಿಂದ ಬೆಳ್ಳಿ ಕಡಗ ಹೇಗೆ ತಂದರು ಎಂದು ಒಬ್ಬರಾದ ಮೇಲೆ ಒಬ್ಬರು ಎದ್ದು ಹೇಳಿದರು. ಎರಡು ತಾಸು ಹೇಳಿದರು. ಮೀನಿನ ಸುದ್ದಿ ಒಬ್ಬರೂ ತೆಗೆಯಲಿಲ್ಲ.

ಗೊತ್ತಿರಲಿಲ್ಲ ಅಂತ ಅಲ್ಲ. ಎಲ್ಲರಿಗೂ ಗೊತ್ತಿತ್ತು. ಕೊರಳಲ್ಲಿ ಲಿಂಗ ಕಟ್ಟಿದ ಮನುಷ್ಯ, ಜೀವಮಾನದಲ್ಲಿ ಒಂದು ತತ್ತಿ ಸಹಿತ ಬಾಯಿಗೆ ಹಾಕದವರು, ಕಡೆಯ ಎರಡು ವರ್ಷ ಮೀನಿನ ಹೊಂಡದ ದಂಡೆಯ ಮೇಲೆ ಕೂತು ಕಳೆದರು ಎಂದು ಸಭೆಯಲ್ಲಿ ಹೇಳುವುದು ಅವರಿಗೆ ಚಂದ ಕಾಣಲಿಲ್ಲ. ನನಗೆ ಚಂದ ಕಾಣುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಗರಡಿಯಲ್ಲಿ ಪಟ್ಟು ಕಲಿಸುವವರಿಗೆ ನಮ್ಮ ಕಡೆ ವಸ್ತಾದ ಅನ್ನುತ್ತಾರೆ. ನಾನು ಅವರ ಹತ್ತಿರ ಒಂದು ಪಟ್ಟೂ ಕಲಿತವನಲ್ಲ. ಕುಸ್ತಿಯ ವಿಷಯ ನನ್ನನ್ನು ಕೇಳಬೇಡಿ.

ನಮ್ಮ ಹೊಲ ಮಲ್ಲಸಮುದ್ರದಾಚೆ ಇದೆ. ನಾನು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟೆ. ಗ್ಯಾರೇಜಿಗೆ ಹೋದೆ, ಬಿಟ್ಟೆ. ಟ್ರ್ಯಾಕ್ಟರ್ ಹೊಡೆದೆ, ಅದನ್ನೂ ಬಿಟ್ಟೆ. ಉಳ್ಳಾಗಡ್ಡಿಗೆ ನೀರು ಹಾಯಿಸಲೆಂದು ಅಪ್ಪ ತೋಡಿಸಿದ್ದ ಕೃಷಿ ಹೊಂಡದಲ್ಲಿ ಗೆಂಡೆ ಮೀನಿನ ಮರಿ ಬಿಟ್ಟೆ. ಇದು ಮಾತ್ರ ಬಿಡಬಾರದು ಅನ್ನಿಸಿತ್ತು. ಅಪ್ಪ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ರೊಟ್ಟಿ ಮುರಿಯುತ್ತ ಹೇಳಿದ.

"ಕೊಯ್ಯಾಕ ಕೊಡೂ ಜೀವಾ ಸಾಕಾಕತ್ತೀ. ಒಂದ ಸಲ ಅಂತ ಬಿಟ್ಟೇನಿ. ಕೆಡಿಸಿದಿ ಅಂದ್ರ ಹೊಂಡದಾಗ ನೀರಷ್ಟ ಇರತೈತಿ, ತಿಳಕೋ."

ಕೆಡಬಾರದು ಅಂತ ನಾನು ಚೆನ್ನಾಗಿ ಮೇಯಿಸಿದೆ. ಹೊಲದಲ್ಲಿ ಗೋವಿನಜೋಳ ಇತ್ತು, ಅದನ್ನೇ ಬೀಸಿ ಹಿಟ್ಟಿನ ಉಂಡೆ ಕಟ್ಟಿ ಹಾಕಿದೆ. ಗದಗಿನ ಬಜಿ ಅಂಗಡಿಗಳಲ್ಲಿ ಬುಟ್ಟಿಯ ತಳಕ್ಕೆ ಉಳಿಯುವ ಚೂರು ಚೀಲ ತುಂಬಿ ತಂದು ಸುರಿದೆ. ಅವ್ವ ಮನೆಯಲ್ಲಿ ಉಳಿದ ಹೋಳಿಗೆ, ಗೋಧಿ ಹುಗ್ಗಿ ಕಳಿಸುತ್ತಿದ್ದಳು. ನಮ್ಮ ಕಡೆ ಉಣಿಸುವುದರಲ್ಲಿ ಯಾರೂ ಕಮ್ಮಿ ಇಲ್ಲ. ಹೊಂಡ ನೋಡಲು ಬರುವವರು ಸಹಿತ ಬರಿಗೈಯಲ್ಲಿ ಬರುತ್ತಿರಲಿಲ್ಲ, ಚುರುಮುರಿಯ ಪೊಟ್ಟಣ ತರುತ್ತಿದ್ದರು. ಬೀಗರ ಮನೆಗೆ ಬಂದವರ ಹಾಗೆ ಮೀನು ತಿಂದವು. ಎಂಟು ತಿಂಗಳಿಗೆ ಒಂದೊಂದೂ ಡೊಳ್ಳಿನ ಹಾಗೆ ದುಂಡಗಾದವು. ನಾನು ಮೀಸೆ ತಿರುವಿದೆ.

ಆಗ ಬಂದರು ಇವರು. ಎಪ್ಪತ್ತರ ಮೇಲಿನ ವಯಸ್ಸು. ಕುತ್ತಿಗೆ ಅನ್ನುವುದೇ ಇಲ್ಲ, ತಲೆ ನೇರ ಹೆಗಲ ಮೇಲೆ. ಎರಡೂ ಕಿವಿ ಮುರುಟಿ ಒಣ ಅಂಜೂರದ ಹಾಗಿದ್ದವು. ಕಣದಲ್ಲಿ ತಿಕ್ಕಿಸಿಕೊಂಡ ಕಿವಿ ಅವು. ಮೊಳಕಾಲು ಕೆಟ್ಟಿದ್ದರಿಂದ ಅಡ್ಡಡ್ಡ ನಡೆಯುತ್ತಿದ್ದರು. ಬಿಳಿ ಧೋತರ, ಬಿಳಿ ಅಂಗಿ, ಅಂಗಿಯ ಗುಂಡಿ ಹೊಟ್ಟೆಯ ಹತ್ತಿರ ಹರಿಯಲು ತಯಾರಾಗಿ ನಿಂತಿರುತ್ತಿದ್ದವು. ಕೈಯಲ್ಲಿ ಸದಾ ಒಂದು ಪ್ಲಾಸ್ಟಿಕ್ ಚೀಲ. ಡಾಕ್ಟರು ದಿನಾ ನಡೆಯಲು ಹೇಳಿದ್ದರಂತೆ, ಗದಗಿನಿಂದ ನಮ್ಮ ಹೊಲದ ತನಕ ನಡೆದು ಬರುತ್ತಿದ್ದರು. ಒಂದು ಮುಂಜಾನೆ ದಂಡೆಯ ಮೇಲೆ ನಿಂತು ಬಹಳ ಹೊತ್ತು ನೀರು ನೋಡಿದರು.

"ತಮ್ಮಾ, ಇವು ಈಜಾಕತ್ತಿಲ್ಲ."

"ಮತ್ತೇನ್ ಮಾಡಾಕತ್ತಾವ್ರಿ?"

"ತೇಲಾಕತ್ತಾವ. ಉಂಡ ಮ್ಯಾಲೆ ಕಟ್ಟಿಗೆ ಅಡ್ಡಾದವರ ಹಂಗ."

"ಮೈ ತುಂಬ್ಯಾವ್ರೀ, ಅದಕ್ಕ."

"ಮೈ ತುಂಬಿಲ್ಲಲೇ, ಹೊಟ್ಟಿ ತುಂಬೈತಿ. ಮಾಂಸ ಬ್ಯಾರೆ, ಕೊಬ್ಬು ಬ್ಯಾರೆ. ನನ್ನ ನೋಡು," ಎಂದು ತಮ್ಮ ಹೊಟ್ಟೆಗೆ ತಾವೇ ಚಟ್ಟನೆ ಹೊಡೆದುಕೊಂಡರು. ಹೊಟ್ಟೆ ಅಲುಗಿತು.

"ಅಜ್ಜಾರ, ನೀವು ಮೀನು ತಿಂತೀರೇನು?"

"ಇಲ್ಲಪಾ."

"ಹಂಗಾರ ನಿಮ್ಮ ಹಾದಿ ಹಿಡೀರಿ."

ನಾನು ಹಾಗೆಯೇ ಅಂದೆ. ಅವರು ಸಿಟ್ಟಾಗಲಿಲ್ಲ. ನಕ್ಕು ಹಾದಿ ಹಿಡಿದರು.

ಎರಡು ವಾರದ ಮೇಲೆ ಮೊದಲ ಬುಟ್ಟಿ ಬೆಟಗೇರಿಗೆ ಒಯ್ದೆ. ಅಲ್ಲಿ ಮೀನು ಮಾರುವ ಒಬ್ಬ ಅಕ್ಕ ಇದ್ದಾಳೆ. ಆಕೆ ತೆಗೆದುಕೊಂಡ ಮೀನನ್ನು ಊರೆಲ್ಲ ತೆಗೆದುಕೊಳ್ಳುತ್ತದೆ, ಆಕೆ ಒಲ್ಲೆ ಅಂದದ್ದನ್ನು ಯಾರೂ ಮುಟ್ಟುವುದಿಲ್ಲ. ಮೊದಲ ದಿನ ನೋಡಲು ದುಂಡಗಿವೆ ಎಂದು ತೆಗೆದುಕೊಂಡಳು. ಮರುದಿನ ಎರಡನೆಯ ಬುಟ್ಟಿ ಇಳಿಸುವ ಮೊದಲೇ ಶುರು ಮಾಡಿದಳು.

"ಏ ತಮ್ಮಾ, ಇದು ಮೀನೋ ಎಣ್ಣಿ ಡಬ್ಬಿನೋ? ನಿನ್ನೆ ಒಯ್ದವರು ಮುಂಜಾನೆಯಿಂದ ನನ್ನ ಜೋಡಿ ಜಗಳಾ ತಗದಾರ. ಹಂಚಿಗೆ ಎರಡ ಚಮಚ ಎಣ್ಣಿ ಬಿಟ್ಟರ, ಇಳಿಸೂ ಹೊತ್ತಿಗೆ ಬಟ್ಟಲ ತುಂಬ ಎಣ್ಣಿ ಆತಂತ! ತುಂಡು ಮಾತ್ರ ಬೆರಳಿನಷ್ಟ ಉಳದೈತಿ."

ನಾನು ನಂಬಲಿಲ್ಲ. ಆಕೆ ಒಂದು ಮೀನು ತೆಗೆದು ನನ್ನ ಮುಂದೆಯೇ ಹೊಟ್ಟೆ ಸೀಳಿದಳು. ಕರುಳಿನ ಸುತ್ತ ಬೆಣ್ಣೆ ಮೆತ್ತಿದ ಹಾಗೆ ಬಿಳಿ ಕೊಬ್ಬು. ಕೆಂಪಗಿರಬೇಕಾದ ಲಿವರ್ ಹಳದಿಯಾಗಿ, ಬೆರಳು ತಾಗಿದರೆ ಒಡೆಯುತ್ತಿತ್ತು.

"ತಗೊಂಡ್ ನಡಿ. ಕೊಬ್ಬು ಇಳಿಸ್ಕೊಂಡ್ ಬಂದ್ರ ನೋಡೂಣು. ಇಲ್ಲಾಂದ್ರ ನನ್ನ ಮುಂದ ಬುಟ್ಟಿ ಇಳಸಬ್ಯಾಡ."

ಬುಟ್ಟಿ ಹೊತ್ತುಕೊಂಡು ವಾಪಸ್ ಬಂದೆ. ಅಪ್ಪ ಬುಟ್ಟಿಯ ಕಡೆ ನೋಡಿದ, ನನ್ನ ಕಡೆ ನೋಡಲಿಲ್ಲ.

"ಆತಲ್ಲ? ಉಳದಿದ್ದನ್ನ ಹಿಡದು ಮಾಗಡಿ ಕೆರಿಗೆ ಬಿಟ್ಟ ಬಾ. ಅಲ್ಲೇ ಬದುಕ್ಯಾವು."

ಮರುದಿನ ಮುಂಜಾನೆ ಪಂಪಿನ ಮನೆಯ ಕಟ್ಟೆಗೆ ಕೂತಿದ್ದೆ. ವಸ್ತಾದರು ಬಂದರು. ಊರ ಸುದ್ದಿ ಅವರಿಗೆ ಮುಟ್ಟಿತ್ತು. ನಾನು ಹೇಳಿದ್ದೆನಲ್ಲ ಎಂದು ಅನ್ನಲಿಲ್ಲ. ಪಕ್ಕದಲ್ಲಿ ಕೂತು ಪ್ಲಾಸ್ಟಿಕ್ ಚೀಲದಿಂದ ಒಂದು ಹಾಳೆ ತೆಗೆದರು.

"ಇದು ಯಾರ ಫೋಟೋ ಹೇಳು?"

"ಮೋಡ ಕಂಡಂಗ ಕಾಣತೈತ್ರಿ."

"ನನ್ನ ಲಿವರ್‌ಲೇ! ಸ್ಕ್ಯಾನಿಂಗ್ ಮಾಡಿ ತಗದಾರ. ಕೊಬ್ಬು ತುಂಬೈತಿ ಅಂದ್ರು. ನಿನ್ನ ಮೀನಿಂದೂ ನಂದೂ ಒಂದ ಜಡ್ಡು."

ಆ ಹಾಳೆಯನ್ನು ಅವರು ಎಲ್ಲರಿಗೂ ತೋರಿಸುತ್ತಿದ್ದರು ಎಂದು ನನಗೆ ಆಮೇಲೆ ಗೊತ್ತಾಯಿತು. ಬಸ್ಸಿನಲ್ಲಿ ಪಕ್ಕ ಕೂತವರಿಗೆ ತೋರಿಸಿದ್ದರು. ಹಜಾಮತಿ ಅಂಗಡಿಯಲ್ಲಿ ತೋರಿಸಿದ್ದರು. ಒಂದು ಮದುವೆಯಲ್ಲಿ, ಲಾಡು ತಿನ್ನುತ್ತಿದ್ದ ಬೀಗರಿಗೆ ತೋರಿಸಿ ಅವರ ಬಾಯಿ ರುಚಿ ಕೆಡಿಸಿದ್ದರು. ಬೆಳ್ಳಿ ಕಡಗ ಮನೆಯ ಪೆಟ್ಟಿಗೆಯಲ್ಲಿ ಬಿದ್ದಿತ್ತು. ಕೈಯಲ್ಲಿ ಹಿಡಿದು ತಿರುಗುತ್ತಿದ್ದುದು ಈ ಹಾಳೆ.

"ಕುಸ್ತಿ ಹಿಡಿಯೂ ಮುಂದ ದಿನಾ ಚರಗಿ ತುಂಬ ಹಾಲು, ತುಪ್ಪ, ಬದಾಮಿ. ಅವೆಲ್ಲಾ ಮೈಯಾಗ ಉರದು ಹೋಗತಿದ್ದವು. ನಲವತ್ತಕ್ಕ ತಾಲೀಮು ಬಿಟ್ಟೆ. ತುಪ್ಪ ಬಿಡಲಿಲ್ಲ. ಅಷ್ಟ ನಾ ಮಾಡಿದ ತಪ್ಪು."

"ಆದ್ರ ನಾ ಎಣ್ಣಿ ಹಾಕೇ ಇಲ್ರಿ. ಬರೇ ಗೊಂಜಾಳ ಹಿಟ್ಟು."

"ಬಜಿ ಚೂರು?"

"ಅದು... ಒಂದ್ ಸ್ವಲ್ಪ."

"ಹಿಟ್ಟ ಸಾಕಲೇ. ಲಿವರ್ ಅನ್ನೂದು ಗಾಣ ಇದ್ದಂಗ. ಶೇಂಗಾ ಹಾಕಿದ್ರೂ ಎಣ್ಣಿ ತಗೀತೈತಿ, ಹೆಚ್ಚಾದ ಹಿಟ್ಟು ಹಾಕಿದ್ರೂ ಎಣ್ಣಿ ತಗೀತೈತಿ. ದುಡಿಯೂ ಮೈ ಆದ್ರ ಅದನ್ನ ಸುಡತೈತಿ. ಕುಂತ ಮೈ ಆದ್ರ ಹೊಟ್ಟ್ಯಾಗ ಸಾಲಾಗಿ ಇಡತೈತಿ, ಮನ್ಯಾಗ ಡಬ್ಬಿ ಇಟ್ಟಂಗ."

ಅಷ್ಟು ಹೇಳಿ ಎದ್ದು, ಅಡ್ಡಡ್ಡ ನಡೆಯುತ್ತ ಸೀದಾ ನಮ್ಮ ಅಪ್ಪನ ಹತ್ತಿರ ಹೋದರು. ಅಪ್ಪ ಸಣ್ಣವನಿದ್ದಾಗ ಇವರ ಕುಸ್ತಿ ನೋಡಲು ಶಿರಹಟ್ಟಿಯ ತನಕ ನಡೆದು ಹೋಗಿದ್ದನಂತೆ. ಕಂಡಕೂಡಲೇ ಎದ್ದು ನಿಂತ.

"ಬರ್ರಿ ಪೈಲವಾನ್ರ, ಕುಂಡ್ರಿ."

"ಕುಂಡ್ರಾಕ ಬಂದಿಲ್ರಿ, ಬೇಡಾಕ ಬಂದೇನಿ. ನಿಮ್ಮ ಹೊಂಡದಾಗಿನ ಹುಡುಗ್ರನ್ನ ನಾಕ ತಿಂಗಳ ನನ್ನ ಗರಡಿಗೆ ಬಿಡ್ರಿ."

ಹುಡುಗರು ಅಂದರೆ ಮೀನು. ಅವತ್ತಿನಿಂದ ಕಡೆಯ ತನಕ ಅವರು ಮೀನು ಎಂದು ಕರೆದದ್ದು ಕಡಿಮೆ.

ಅಪ್ಪ ತಲೆ ಕೆರೆದುಕೊಂಡ. "ನೀವು ಹೇಳಿದ್ರ ಆತ್ರಿ. ಆದ್ರ ನಾಕ ತಿಂಗಳ ಮ್ಯಾಲೆ ಆ ಬೆಟಗೇರಿ ಹೆಣ್ಣಮಗಳು ಮತ್ತ ಒಲ್ಲೆ ಅಂದ್ರ, ಎಲ್ಲಾ ಮಾಗಡಿ ಕೆರಿಗೆ. ಆಮ್ಯಾಲೆ ಇವನೂ ಮೀನಿನ ಹೆಸರು ಎತ್ತಬಾರದು."

"ಒಪ್ಪಿದೆ," ಅಂದರು ವಸ್ತಾದರು. ನನ್ನನ್ನು ಯಾರೂ ಕೇಳಲಿಲ್ಲ.

ಗರಡಿ ಶುರುವಾಯಿತು. ಮೊದಲ ದಿನವೇ ಬಜಿ ಚೂರು ಬಂದ್. ಹೋಳಿಗೆ ಬಂದ್. ಚುರುಮುರಿ ತಂದವರನ್ನು ದಂಡೆಯ ಮೇಲೆ ಕೂಡಿಸಿ, ಅದನ್ನು ಅವರಿಗೇ ತಿನ್ನಿಸಿ ಕಳಿಸುತ್ತಿದ್ದರು. ಮೀನುಗಾರಿಕೆ ಇಲಾಖೆಯ ಮೇಡಂ ಹತ್ತಿರ ಹೋಗಿ ಅರ್ಧ ದಿನ ಕೂತು ಬಂದರು. ಅಲ್ಲಿಯೂ ತಮ್ಮ ಸ್ಕ್ಯಾನಿಂಗ್ ತೋರಿಸಿದ್ದಾರೆ. ಬಂದವರು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟರು.

"ಗೆಂಡಿ ಮೀನಿಗೆ ಹೊಟ್ಟಿ ಅನ್ನೂದ ಇಲ್ಲಂತಲೇ! ಬಾಯಿ ಆದ ಮ್ಯಾಲೆ ಸೀದಾ ಉದ್ದಾನ ಕರಳು. ಇಲ್ಲದ ಹೊಟ್ಟಿ ತುಂಬಸಾಕ ಹೋಗಿ ಹುಡುಗ್ರನ್ನ ಕೆಡಿಸೀದಿ ನೀ!"

ಮೇಡಂ ಹೇಳಿದ್ದು ಇಷ್ಟು. ಹೊಟ್ಟೆಯ ಚೀಲ ಇಲ್ಲದ ಮೀನಿಗೆ ಒಂದೇ ಸಲ ರಾಶಿ ಹಾಕಬಾರದು, ಸ್ವಲ್ಪ ಸ್ವಲ್ಪ ಹಾಕಬೇಕು. ಗೋವಿನಜೋಳದ ಹಿಟ್ಟು ಕಡಿಮೆ ಮಾಡಿ, ಮಾಂಸ ಕಟ್ಟುವಂಥ ಹಿಂಡಿ ಕೊಡಬೇಕು. ವಾರದಲ್ಲಿ ಒಂದು ದಿನ ಏನೂ ಹಾಕದಿದ್ದರೆ ಮೀನು ಸಾಯುವುದಿಲ್ಲ, ಒಳಗಿನ ಕೊಬ್ಬು ತೆಗೆದು ಉಪಯೋಗಿಸುತ್ತದೆ. ನಾವು ಚೆನ್ನಾಗಿ ಎಣ್ಣೆ ಹಿಂಡಿದ ಶೇಂಗಾ ಹಿಂಡಿ, ಸೋಯಾ ಹಿಂಡಿ ನೆನೆಸಿ, ತೂತು ಮಾಡಿದ ಚೀಲದಲ್ಲಿ ತುಂಬಿ ಕೋಲಿಗೆ ಕಟ್ಟಿ ನೀರಲ್ಲಿ ಇಳಿಬಿಟ್ಟೆವು. ಬೇಕಾದವ ಬಂದು ಎಳೆದು ತಿನ್ನಬೇಕು. "ಕೈಗೆ ಕೊಟ್ಟದ್ದು ಮೈಗೆ ಹತ್ತೂದಿಲ್ಲ," ಅನ್ನುತ್ತಿದ್ದರು.

ತಾಲೀಮು ಅವರ ಸ್ವಂತ ಬುದ್ಧಿ. ಬೋರಿನ ನೀರು ಬೀಳುವ ಪೈಪನ್ನು ಹೊಂಡದ ಮೂಲೆಗೆ ಓರೆಯಾಗಿ ಕಟ್ಟಿಸಿದರು. ಪಂಪು ಚಾಲು ಮಾಡಿದರೆ ನೀರು ಹೊಂಡದ ಸುತ್ತ ತಿರುಗುತ್ತಿತ್ತು. ಮೀನಿನ ಸ್ವಭಾವವೇ ಹಾಗೆ, ಹರಿಯುವ ನೀರಿಗೆ ಎದುರು ತಿರುಗಿ ಈಜುತ್ತದೆ. ಮುಂಜಾನೆ ಒಂದು ತಾಸು, ಸಂಜೆ ಒಂದು ತಾಸು. ವಸ್ತಾದರು ದಂಡೆಯ ಮೇಲೆ ನಿಂತು ತೊಡೆ ತಟ್ಟುತ್ತಿದ್ದರು.

"ಹೂಂ! ಹೊಡೀ! ಏ ಹಿಂದಿನವನ, ಮದವೀಗೆ ಬಂದೀಯೇನು? ಮುಂದ ಬಾ!"

ಹಾದಿಯಲ್ಲಿ ಹೋಗುವವರು ಎತ್ತಿನ ಗಾಡಿ ನಿಲ್ಲಿಸಿ ನೋಡುತ್ತಿದ್ದರು.

"ಮೀನಿಗೆ ಕಿವಿ ಕೇಳತಾವೇನ್ರಿ ಪೈಲವಾನ್ರ?" ಎಂದು ಒಬ್ಬ ಕೇಳಿದ.

"ನನ್ನ ಗರಡಿ ಹುಡುಗ್ರಿಗೂ ಕೇಳತಿದ್ದಿಲ್ಲ. ಒದರೂದು ನನ್ನ ಕೆಲಸ," ಅಂದರು.

ಒಂದು ಚಳಿಗಾಲದ ಮುಂಜಾನೆ ನನ್ನ ಬೈಕಿನ ಹಿಂದೆ ಕೂತು, ಮಾಗಡಿಗೆ ಹೊಡಿ ಅಂದರು. ಹಿಂದಿನ ಟೈರು ಅರ್ಧ ಇಳಿಯಿತು, ಆದರೂ ಹೊಡೆದೆ. ಕೆರೆಯ ತುಂಬ ದೂರದೇಶದ ಬಾತುಗಳು ಬಂದಿದ್ದವು. ವಸ್ತಾದರು ಬೆರಳು ತೋರಿಸಿದರು.

"ಇವು ನಮ್ಮ ಹೊಲದಾಗಿನ ಕಾಳು ತಿಂದು ಕೊಬ್ಬು ಮಾಡಿಕೋತಾವ. ಯಾಕ? ಹಿಮಾಲಯ ದಾಟಿ ಹೋಗಬೇಕು. ಹಾದಿಗೆ ಬುತ್ತಿ ಅದು. ನಿನ್ನ ಹೊಂಡದಾಗಿನವು ಎಲ್ಲಿಗೆ ಹೊಂಟಾವು?"

"ಬೆಟಗೇರಿಗೆ ರೀ."

ಬಹಳ ಹೊತ್ತು ನಕ್ಕರು. ಆಮೇಲೆ ತಮ್ಮ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, "ಮತ್ತ ನಾ ಎಲ್ಲಿಗೆ ಹೊಂಟಿದ್ನೋ?" ಅಂದರು.

ಉಪವಾಸಕ್ಕೆ ಸೋಮವಾರ ಗೊತ್ತು ಮಾಡಿದರು. ಅವರೂ ಸೋಮವಾರ ಒಪ್ಪತ್ತು, ಅಂದರೆ ದಿನಕ್ಕೆ ಒಂದೇ ಊಟ ಮಾಡುತ್ತಿದ್ದರು, ಶಿವನ ವಾರ ಎಂದು. "ಹುಡುಗ್ರು ಉಪವಾಸ ಇದ್ದಾಗ ವಸ್ತಾದ ಉಣ್ಣಬಾರದು. ಜೋಡಿ ಇಳಿಸೂಣು," ಅಂದರು. ನನಗೆ ಬಹಳ ದೊಡ್ಡ ಮನುಷ್ಯ ಅನ್ನಿಸಿತು. ಮೂರನೆಯ ಸೋಮವಾರ ಹಿಂಡಿ ತರಲು ಗದಗಿಗೆ ಹೋದೆ. ಬಜಿ ಅಂಗಡಿಯ ಬೆಂಚಿನ ಮೇಲೆ, ಗೋಡೆಯ ಕಡೆ ಮುಖ ಮಾಡಿ, ಕುತ್ತಿಗೆ ಇಲ್ಲದ ಒಬ್ಬ ಮನುಷ್ಯ ಕೂತಿದ್ದರು. ಮುಂದೆ ತಟ್ಟೆ ತುಂಬ ಮಿರ್ಚಿ ಬಜಿ.

"ವಸ್ತಾದ್ರ!"

ಬಾಯಲ್ಲಿ ಬಿಸಿ ಬಜಿ ಇತ್ತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಕಣ್ಣಲ್ಲಿ ನೀರು ಬಂತು. ಕಡೆಗೆ ನುಂಗಿದರು.

"ಹಿಟ್ಟು ತಗದು ಬರೇ ಮೆಣಸಿನಕಾಯಿ ತಿನ್ನಾಕತ್ತಿದ್ನೋ ತಮ್ಮಾ."

"ಮತ್ತ ತಗದ ಹಿಟ್ಟೆಲ್ಲೈತ್ರಿ?"

ತಟ್ಟೆ ನೋಡಿದರು. ತಟ್ಟೆಯಲ್ಲಿ ಹಿಟ್ಟು ಇರಲಿಲ್ಲ. ಪಕ್ಕದ ಜಾಗ ಒರೆಸಿ ನನ್ನನ್ನು ಕೂಡಿಸಿಕೊಂಡು, ಎರಡು ಬಜಿ ನನ್ನ ಕಡೆ ಸರಿಸಿ, ಸಣ್ಣ ದನಿಯಲ್ಲಿ ಹೇಳಿದರು.

"ಮೀನಿಗೆ ಹೇಳಬ್ಯಾಡ."

ಇಷ್ಟೆಲ್ಲ ಮಾಡಿದರೂ ಮೀನಿನ ಕೊಬ್ಬು ಇಳಿಯಲಿಲ್ಲ. ಎರಡು ವಾರಕ್ಕೊಮ್ಮೆ ವಸ್ತಾದರು ಪರೀಕ್ಷೆ ಮಾಡುತ್ತಿದ್ದರು. ಒದ್ದೆ ಅರಿವೆಯಲ್ಲಿ ಜೀವಂತ ಮೀನು ಹಿಡಿದು, ಹೊಟ್ಟೆಯ ಕೆಳಗೆ ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಗರಡಿಯ ಹುಡುಗರ ತೊಡೆ ಹಿಸುಕಿ ಯಾರು ತಾಲೀಮು ತಪ್ಪಿಸಿದ್ದಾರೆ ಎಂದು ಹೇಳುತ್ತಿದ್ದ ಬೆರಳು ಅದು. ಮೀನನ್ನು ಮೆಲ್ಲಗೆ ನೀರಿಗೆ ಬಿಟ್ಟು, ಕೈ ತೊಳೆದುಕೊಂಡು ಶಿವಾ ಅನ್ನುತ್ತಿದ್ದರು. ಎರಡು ತಿಂಗಳಾದರೂ ಬೆರಳು ಒಳಗೆ ಇಳಿಯುತ್ತಿತ್ತು.

"ಯಾರೋ ತಿನ್ನಸಾಕತ್ತಾರ," ಅಂದರು. "ಸೋಮವಾರ ತಾಲೀಮಿನಾಗ ಇವರ ತಾಕತ್ತು ಕಮ್ಮಿ ಆಗಬೇಕು. ಆಗವಲ್ದು. ಯಾರೋ ಕಳ್ಳ ಅದಾನ. ನೀ ಏನರ..."

"ನನ್ನ ಆಣಿ ರೀ."

ಮುಂದಿನ ಸೋಮವಾರ ಮಧ್ಯಾಹ್ನ ನಾವಿಬ್ಬರೂ ಪಂಪಿನ ಮನೆಯೊಳಗೆ ಅಡಗಿ ಕೂತೆವು. ಅವರ ಹೊಟ್ಟೆ ಬಾಗಿಲಿನಿಂದ ಹೊರಗೆ ಬರುತ್ತಿತ್ತು, ಒಳಗೆ ಎಳೆದೆ. ಬಿಸಿಲು ಜೋರು. ಹೊಲದ ಬದುವಿನ ಮೇಲಿಂದ ಒಬ್ಬರು ಬಂದರು. ಆ ಕಡೆ ಈ ಕಡೆ ನೋಡಿ, ಮಡಿಲಿನಂತೆ ಹಿಡಿದ ಧೋತರದ ಚುಂಗಿನಿಂದ ರೊಟ್ಟಿ ಚೂರು, ಅನ್ನ ತೆಗೆದು ನೀರಿಗೆ ಹಾಕತೊಡಗಿದರು.

ನಮ್ಮ ಅಪ್ಪ.

"ತಿನ್ರೆಪಾ, ಜಲ್ದಿ ತಿನ್ರಿ," ಅನ್ನುತ್ತಿದ್ದ. "ಆ ಇಬ್ಬರಿಗೂ ಕರಳಿಲ್ಲ. ಹೊಟ್ಟಿ ಕಟ್ಟಿ ಕುಂಡರಸ್ಯಾರ ನಿಮ್ಮನ್ನ. ನಾ ಅದೀನಿ, ತಿನ್ರಿ."

ಎರಡು ತಿಂಗಳ ಹಿಂದೆ ಇವನ್ನೇ ಮಾಗಡಿ ಕೆರೆಗೆ ಬಿಟ್ಟು ಬಾ ಎಂದ ಮನುಷ್ಯ. ಮೊದಲು ಮರಿ ಬಿಟ್ಟಾಗ ಮೂರು ದಿನ ಮಾತು ಬಿಟ್ಟವ. ನನಗೆ ಮೈ ಉರಿಯಿತು. ಎದ್ದು ಹೊರಗೆ ನುಗ್ಗಲು ಹೋದೆ. ವಸ್ತಾದರು ನನ್ನ ರಟ್ಟೆ ಹಿಡಿದರು. ಕುಸ್ತಿ ಹಿಡಿತ ಅಂದರೆ ಏನೆಂದು ನನಗೆ ಅವತ್ತು ಒಂದೇ ದಿನ ಗೊತ್ತಾಯಿತು.

ಅವರೇ ಹೊರಗೆ ಹೋದರು. ಅಪ್ಪ ಗಾಬರಿಯಾಗಿ ಧೋತರ ಕೊಡವಿದ.

"ಸುಮ್ನ... ಹಕ್ಕಿಗೆ ಹಾಕಾಕ ಬಂದಿದ್ದೆ ರೀ."

"ಹೌದ್ರಿ, ಹೌದ್ರಿ." ವಸ್ತಾದರು ಪಕ್ಕದಲ್ಲಿ ಕೂತರು. "ಗೌಡ್ರ, ನೀವೂ ಸೋಮವಾರ ಒಪ್ಪತ್ತು ಮಾಡತೀರಲ್ರಿ. ನಿಮಗ ಯಾರರ ಕದ್ದು ರೊಟ್ಟಿ ತಿನ್ನಿಸಿದ್ರ ಹೆಂಗ?"

"ಅದು ಶಿವಗ ರೀ. ಪುಣ್ಯಾ ಬರತೈತಿ."

"ಮತ್ತ ಈ ಹುಡುಗ್ರಿಗೆ ಪುಣ್ಯಾ ಬ್ಯಾಡೇನ್ರಿ? ಶಿವ ಅವರಿಗೂ ಅದಾನಿಲ್ಲೋ?"

ಅಪ್ಪ ನೀರು ನೋಡಿದ, ವಸ್ತಾದರನ್ನು ನೋಡಿದ. "ಇವೂ ಸೋಮವಾರ ಹಿಡದಾವೇನ್ರಿ? ಹಂಗಂತ ಮೊದಲ ಹೇಳಬಾರದ?" ಅಂದ. ಅವತ್ತಿನಿಂದ ಸೋಮವಾರ ಒಂದು ಅಗುಳು ಹಾಕಲಿಲ್ಲ. ಹಾಕುವವರನ್ನೂ ಬಿಡಲಿಲ್ಲ. ಸೋಮವಾರ ಅವ್ವ ಹೊಂಡದ ಹಾದಿಯಲ್ಲಿ ಹೋದರೆ ಸಾಕು, "ಸೆರಗಿನಾಗೇನೈತಿ ತೋರಸು," ಅನ್ನುತ್ತಿದ್ದ.

ಮೀನು ಇಳಿಯತೊಡಗಿದವು. ವಸ್ತಾದರ ಬೆರಳು ಒಳಗೆ ಹೋಗುವುದು ನಿಂತಿತು. ಪಂಪು ಚಾಲು ಮಾಡಿದರೆ ಬಾಣ ಬಿಟ್ಟ ಹಾಗೆ ಹೊರಡುತ್ತಿದ್ದವು. ಎಲ್ಲ ಸರಿಯಾಯಿತು ಅಂದುಕೊಂಡೆವು. ನಾಲ್ಕು ತಿಂಗಳಿಗೆ ಮೂರು ವಾರ ಉಳಿದಿತ್ತು. ನಾನು ಬಲೆ ತೊಳೆದು ಒಣ ಹಾಕಿದ್ದೆ. ಅಪ್ಪ ಬಂದು ಬಲೆ ಮಡಚಿ ಮೂಲೆಗೆ ಇಟ್ಟ.

"ಇದನ್ಯಾಕ ತಗದಿ?"

"ಹಿಡಿಯಾಕ. ಬೆಟಗೇರಿಗೆ ಒಯ್ಯೂದಿಲ್ಲೇನು?"

"ತಲಿ ಕೆಟ್ಟೈತೇನಲೇ ನಿಂದು? ಶಿವನ ವ್ರತ ಹಿಡದ ಜೀವಾ ಅವು. ವ್ರತ ಹಿಡದ ಮೀನನ್ನ ಕೊಯ್ಯಾಕ ಕೊಡತೀಯೇನು?"

ನಾನು ಓಡಿಹೋಗಿ ವಸ್ತಾದರಿಗೆ ಹೇಳಿದೆ. ಅವರು ಕಟ್ಟೆಗೆ ಕೂತು ತಮ್ಮ ಮುರುಟಿದ ಕಿವಿ ಹಿಡಿದುಕೊಂಡರು.

"ನಾ ಹಾಕಿದ ಪಟ್ಟಿನಾಗ ನಾನ ಸಿಕ್ಕೊಂಡ್ನೆಲ್ಲೋ."

ಮರುದಿನ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಅಪ್ಪನ ಮುಂದೆ ಬಂದು ಕೈ ಮುಗಿದರು.

"ಗೌಡ್ರ, ನಂದು ತಪ್ಪಾತು. ಈ ಹುಡುಗ್ರು ವ್ರತ ಹಿಡದಿಲ್ರಿ. ನಾನ ಅವರಿಗೆ ಕೇಳದ ಹಚ್ಚೀನಿ. ಮನಸಿನಿಂದ ಹಿಡೀದಿದ್ದು ವ್ರತ ಆಗೂದಿಲ್ಲ, ಬರೇ ಪಥ್ಯ. ಡಾಕ್ಟರು ಹೇಳಿದ್ದಕ್ಕ ನಾ ತುಪ್ಪ ಬಿಟ್ಟಂಗ. ಸೋಮವಾರ ಅಂದದ್ದ ನನ್ನ ತಪ್ಪು. ಇನ್ನ ಮ್ಯಾಲೆ ಬ್ಯಾರೆ ವಾರ ಮಾಡೂಣು."

"ಯಾವ ವಾರ ರೀ?" ಅಪ್ಪ ಅಷ್ಟು ಸುಲಭಕ್ಕೆ ಬಿಡುವವನಲ್ಲ. "ಮಂಗಳಾರ, ಶುಕ್ರಾರ ದೇವೀದು. ಗುರುವಾರ ಗುರುಗಳದ್ದು. ಶನಿವಾರ ಹನಮಪ್ಪಂದು. ಐತವಾರ ಸೂರ್ಯಾಂದು."

"ಬುಧವಾರ?"

ಅಪ್ಪ ವಿಚಾರ ಮಾಡಿದ. ಒಳಗೆ ಅವ್ವನನ್ನು ಕೂಗಿ ಕೇಳಿದ. "ಬುಧವಾರ ನಮ್ಮನ್ಯಾಗ ಯಾರದೂ ಇಲ್ಲ," ಅಂದಳು ಅವ್ವ.

"ಹಂಗಾರ ಬುಧವಾರ," ಅಂದರು ವಸ್ತಾದರು. ಅಪ್ಪ ಮೂಲೆಯಿಂದ ಬಲೆ ತಂದು ನನ್ನ ಮುಂದೆ ಹಾಕಿದ.

ಮೂರು ಬುಧವಾರ ಕಳೆದ ಮೇಲೆ ಒಂದು ಬುಟ್ಟಿ ಹಿಡಿದು ಬೆಟಗೇರಿಗೆ ಹೋದೆ. ವಸ್ತಾದರೂ ಬಂದರು. ಹಿಂದಿನ ದಿನವೇ ಅಪ್ಪ ಮಾಗಡಿಗೆ ಒಯ್ಯಲು ಡ್ರಮ್ಮು ತೊಳೆದು ಇಟ್ಟಿದ್ದ, ನನಗೆ ಕಾಣುವ ಹಾಗೆ. ಅಕ್ಕ ಬುಟ್ಟಿಯನ್ನೂ ನೋಡಿದಳು, ಬಿಳಿ ಧೋತರವನ್ನೂ ನೋಡಿದಳು.

"ನೀವ್ಯಾಕ ಈ ವಾಸನ್ಯಾಗ ಬಂದ್ರಿ ಪೈಲವಾನ್ರ?"

"ನಮ್ಮ ಹುಡುಗ್ರ ಕುಸ್ತಿ ಐತೆವ್ವಾ. ಬರಬೇಕಲ್ಲ."

ಆಕೆ ಚಾಕು ತೆಗೆದಳು. ವಸ್ತಾದರು ಥಟ್ಟನೆ ಗೋಡೆಯ ಕಡೆ ತಿರುಗಿ ನಿಂತರು. ಧೋತರದ ಚುಂಗು ಮೂಗಿಗೆ ಹಿಡಿದುಕೊಂಡರು. ಐದಾರು ಕಣಗಳಲ್ಲಿ ಎದುರಾಳಿಯ ಪಕ್ಕೆಲುಬು ಮುರಿದ ಮನುಷ್ಯ ಗೋಡೆ ನೋಡುತ್ತಲೇ ಕೇಳತೊಡಗಿದರು.

"ಕೊಯ್ದಿಯೇನವ್ವಾ?"

"ಕೊಯ್ದೆ ರೀ."

"ಕೊಬ್ಬು?"

"ಕರಳಿನ ಮ್ಯಾಲೆ ಎಳಿ ಎಳಿ ಐತ್ರಿ. ಇರಬೇಕಾದಷ್ಟ."

"ಲಿವರ್ ಬಣ್ಣಾ ಹೇಳವ್ವಾ."

ಅಕ್ಕ ಬೆರಳಿನಿಂದ ಒತ್ತಿದಳು. ಒಡೆಯಲಿಲ್ಲ.

"ಕೆಂಪ ಐತ್ರಿ. ಛಲೋ ಕೆಂಪ. ಹೊಳೀ ಮೀನಿನಂಗ."

ವಸ್ತಾದರು ಮೆಲ್ಲಗೆ ತಿರುಗಿದರು. ಮೂಗಿನಿಂದ ಧೋತರ ಇಳಿಸಿದರು. ಜೀವಮಾನದಲ್ಲಿ ಕೊಯ್ದ ಮೀನು ಕಣ್ಣೆತ್ತಿ ನೋಡದವರು ಬಾಗಿ ನೋಡಿದರು. ಪ್ಲಾಸ್ಟಿಕ್ ಚೀಲದಿಂದ ತಮ್ಮ ಹಾಳೆ ತೆಗೆದು ಅದನ್ನೂ ನೋಡಿದರು.

"ನಂದೂ ಹಿಂಗ ಆಗಿರತೈತೇನವ್ವಾ ಒಳಗ?"

"ನಿಮ್ಮನ್ನ ಕೊಯ್ದು ನೋಡಾಕ ಬರೂದಿಲ್ರಿ ಪೈಲವಾನ್ರ," ಅಂದಳು ಅಕ್ಕ. ಸಂತೆಯೆಲ್ಲ ನಕ್ಕಿತು. ಅವರು ಎಲ್ಲರಿಗಿಂತ ಜೋರಾಗಿ ನಕ್ಕರು. ಅಕ್ಕ ನನಗೆ, "ಉಳದ ಬುಟ್ಟಿನೂ ತಗೊಂಡ್ ಬಾ, ಮುಂದಿನ ಸಲದ್ದೂ ನನಗ ಕೊಡು," ಅಂದಳು. ಅಪ್ಪ ತೊಳೆದಿಟ್ಟ ಡ್ರಮ್ಮಿನಲ್ಲಿ ಈಗ ಹಿಂಡಿ ನೆನೆಯುತ್ತದೆ.

ತಮ್ಮ ಲಿವರ್ ಕೆಂಪಾಯಿತೋ ಇಲ್ಲವೋ ಅವರು ನೋಡಿಸಲಿಲ್ಲ. ಎರಡನೇ ಸಲ ಸ್ಕ್ಯಾನಿಂಗ್ ಮಾಡಿಸಿರಿ ಎಂದು ಬಹಳ ಸಲ ಹೇಳಿದೆ. ನಾಳೆ, ನಾಡಿದ್ದು ಅಂದರು. ಹೆದರಿದ್ದರು, ಅಷ್ಟೇ. ಆದರೆ ಅಂಗಿಯ ಗುಂಡಿ ಸಡಿಲಾಗಿದ್ದವು, ಹೊಲದ ತನಕ ನಿಲ್ಲದೆ ನಡೆಯುತ್ತಿದ್ದರು. ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಹೊಂಡದ ದಂಡೆಯ ಮೇಲೆ ತೊಡೆ ತಟ್ಟಿದರು. ಮೊನ್ನೆ ಒಂದು ಮುಂಜಾನೆ ಅವರ ಮನೆಯ ಕಟ್ಟೆಯ ಮೇಲೆ, ನಡೆಯಲು ಹೊರಡಬೇಕೆಂದು ಚಪ್ಪಲಿ ಹಾಕಿಕೊಳ್ಳುತ್ತ ಕೂತವರು ಏಳಲಿಲ್ಲ. ಒಂದು ಕಾಲಿಗೆ ಚಪ್ಪಲಿ ಇತ್ತಂತೆ. ಚೀಲ ಪಕ್ಕದಲ್ಲಿತ್ತಂತೆ.

ಗರಡಿಯ ಸಭೆ ಮುಗಿಸಿ ಬಂದ ಮರುದಿನ ಬುಧವಾರ. ನಾನು ಪಂಪು ಚಾಲು ಮಾಡಿ ನಿಂತಿದ್ದೆ, ಮೀನು ಎದುರು ನೀರಿಗೆ ಹೊಡೆಯುತ್ತಿದ್ದವು. ಅಪ್ಪ ಬಂದು ಪಕ್ಕದಲ್ಲಿ ನಿಂತ. ಧೋತರದಲ್ಲಿ ಏನೂ ಇರಲಿಲ್ಲ, ನೋಡಿದೆ.

"ಊಟಕ್ಕ ನಡಿ," ಅಂದೆ.

"ನೀ ಉಣ್ಣು. ಇವತ್ತ ನಂದು ಒಪ್ಪತ್ತು."

"ಬುಧವಾರ ಯಾರ ವಾರ ಅದು?"

"ಪೈಲವಾನರ್ದು," ಅಂದ.

ಹಾಗಾದರೆ ಈ ಮೀನಿನ ಗತಿ ಏನು, ಇವನ್ನು ಬೆಟಗೇರಿಗೆ ಒಯ್ಯಲು ಬಿಡುತ್ತೀಯಾ ಎಂದು ಕೇಳಲು ಬಾಯಿಗೆ ಬಂತು. ಕೇಳಲಿಲ್ಲ. ಇರುವುದೇ ಏಳು ವಾರ, ಇನ್ನೊಂದು ಎಲ್ಲಿಂದ ತರಲಿ?

ಸಂಜೆ ಗದಗಿಗೆ ಹೋದೆ. ಅದೇ ಅಂಗಡಿ, ಅದೇ ಬೆಂಚು. ಗೋಡೆಯ ಕಡೆ ಮುಖ ಮಾಡಿ ಕೂತು, ಹಿಟ್ಟು ತೆಗೆಯದೆ ನಾಲ್ಕು ಮಿರ್ಚಿ ಬಜಿ ತಿಂದೆ. ಎರಡು ನನ್ನವು, ಎರಡು ಅವರವು.

ಮೀನಿಗೆ ಹೇಳಿಲ್ಲ.